ಕಂಡರೂ ಕಾಣದ ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣವನ್ನು ನೋಡಿಲ್ಲವೆನ್ನುವವರು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯಲ್ಲಿ ಸಿಕ್ಕುವುದು ಕಷ್ಟ. ಮದುವೆಯಾದ ವರ್ಷ ಒಮ್ಮೆ, ಹಿರಿಯರ ಅಸ್ಥಿಯನ್ನು ಪಶ್ಚಿಮವಾಹಿನಿಗೆ ಒಯ್ದಾಗ ಒಮ್ಮೆ, ಮನೆಗೆ ಬಂದ ನೆಂಟರಿಗೆ ತೋರಿಸಲೆಂದು ಮತ್ತೊಮ್ಮೆ, ಹೀಗೆ ಬದುಕಿನಲ್ಲಿ ನಾಲ್ಕಾರು ಸಲವಾದರೂ ಅಲ್ಲಿಗೆ ಹೋಗಿ ಬಂದಿರುತ್ತೇವೆ. ಹೋದಾಗಲೆಲ್ಲ ಮಾಡುವ ಕೆಲಸವೂ ಒಂದೇ. ರಂಗನಾಥನ ದರ್ಶನ, ನಿಮಿಷಾಂಬೆಗೆ ಮಂಗಳಾರತಿ, ದರಿಯಾ ದೌಲತ್ತಿನ ಗೋಡೆಯ ಚಿತ್ರ, ಗುಂಬಜ್ಜಿನ ತೋಟದಲ್ಲಿ ಬುತ್ತಿಯೂಟ, ಟಿಪ್ಪು ಸುಲ್ತಾನನು ಬಿದ್ದ ಜಾಗದಲ್ಲಿ ಎರಡು ನಿಮಿಷದ ಮೌನ, ಅಲ್ಲಿಂದ ಮೈಸೂರಿಗೆ ಪಯಣ. ಮೂರು ಗಂಟೆಯಲ್ಲಿ ಊರು ಮುಗಿಯಿತು!

ಆದರೆ ಊರು ಅಷ್ಟು ಬೇಗ ಮುಗಿಯತಕ್ಕದ್ದಲ್ಲ. ಮೂರು ಗಂಟೆಯಲ್ಲಿ ನಾವು ನೋಡಿ ಬರುವುದು ಒಂದೇ ದಿನದ ಶ್ರೀರಂಗಪಟ್ಟಣವನ್ನು, ಎಂದರೆ 1799ನೆಯ ಇಸವಿ ಮೇ 4ರ ಮಧ್ಯಾಹ್ನವನ್ನು. ಆ ದಿನಕ್ಕೆ ಹಿಂದೆ ಸುಮಾರು 190 ವರ್ಷ ಇದು ಮೈಸೂರು ಸೀಮೆಯ ರಾಜಧಾನಿ. ಅದಕ್ಕೂ ಹಿಂದೆ ವಿಜಯನಗರದ ಪ್ರತಿನಿಧಿಗಳ ಪಟ್ಟಣ. ಅದಕ್ಕೂ ಹಿಂದೆ ಹೊಯ್ಸಳರ ಕಾಲದ ಊರು. ಆ ದಿನದ ಮುಂದೆಯೂ ಕಥೆ ಇದೆ, ಅದು ಬೇರೆಯ ಬಗೆಯ ಕಥೆ. ಇವೆರಡರ ಗುರುತುಗಳೂ ಊರಿನಲ್ಲಿ ಇನ್ನೂ ಇವೆ. ಹೆದ್ದಾರಿಯಿಂದ ಹತ್ತು ಹೆಜ್ಜೆ ಪಕ್ಕಕ್ಕೆ ಸರಿದವರಿಗೆ ಮಾತ್ರ ಅವು ಕಾಣುತ್ತವೆ. ಅಂಥ ಕೆಲವು ಮೂಲೆಗಳಿಗೆ ನಿಮ್ಮನ್ನು ಕರೆದೊಯ್ಯಬೇಕೆಂಬುದು ನನ್ನ ಉದ್ದೇಶ.

ಪೂರಿಗಾಲಿಯ ಕಡೆಯವರಾದ ನಾವು ಮಳವಳ್ಳಿಗೆ ಬಂದು, ಬನ್ನೂರು, ಅರಕೆರೆಗಳ ಹಾದಿಯಿಂದ ಪಟ್ಟಣವನ್ನು ಸೇರಬಹುದು. ಮಂಡ್ಯವನ್ನು ಬಳಸಿ ಹೋಗುವುದಕ್ಕಿಂತ ಚರಿತ್ರೆಯನ್ನು ಓದುವವನಿಗೆ ಇದು ಒಳ್ಳೆಯ ಹಾದಿ. ಏಕೆಂದರೆ ಪಟ್ಟಣದ ಹಣೆಬರಹ ನಮ್ಮ ಹೊಲಗಳ ಮೇಲೆಯೇ ನಡೆದುಹೋದದ್ದು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ದಂಡು ಅರಕೆರೆಯ ಬಳಿ ಟಿಪ್ಪುವಿನೊಡನೆ ಕಾದಿತು. ಗೆದ್ದರೂ ದನಕ್ಕೆ ಮೇವಿಲ್ಲದೆ, ಜನಕ್ಕೆ ಅನ್ನವಿಲ್ಲದೆ, ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಿತು. ಎಂಟು ವರ್ಷದ ಮೇಲೆ ಜನರಲ್ ಹ್ಯಾರಿಸನು ಬಂದ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಯುದ್ಧ. ಅಂದು ನಿಜಾಮನ ಪಡೆಯನ್ನು ನಡೆಸಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಅವನೇ. ಶತ್ರುವು ಹಳೆಯ ಹಾದಿಯಲ್ಲೇ ಬರುವನೆಂದು ಟಿಪ್ಪು ಆ ಹಾದಿಯ ಮೇವನ್ನೆಲ್ಲ ಹಾಳುಗೆಡವಿಸಿದ್ದ. ಹ್ಯಾರಿಸನು ಮಳವಳ್ಳಿಯಿಂದ ದಕ್ಷಿಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿಯನ್ನು ದಾಟಿಬಿಟ್ಟ. ಯುದ್ಧದ ಗತಿ ಬದಲಾದದ್ದು ಆ ಒಂದು ತಿರುವಿನಲ್ಲಿ. ನಮ್ಮ ಹುಡುಗರು ವಾಟರ್‌ಲೂ ಎಲ್ಲಿದೆಯೆಂದು ಭೂಪಟದಲ್ಲಿ ತೋರಿಸಬಲ್ಲರು. ಮಳವಳ್ಳಿಯ ಯುದ್ಧ ಎಲ್ಲಿ ನಡೆಯಿತೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ಇನ್ನೊಂದು ನಂಟೂ ಇದೆ. ಪಟ್ಟಣದ ರಂಗನಾಥ ಆದಿರಂಗ. ಶಿವನಸಮುದ್ರದಲ್ಲಿ ಮಲಗಿರುವವನು ಮಧ್ಯರಂಗ. ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಒಂದೇ ಹೊಳೆಯ ಮೂರು ನಡುಗಡ್ಡೆಗಳು. ಮಧ್ಯರಂಗನ ನೆರೆಯವರಾದ ನಾವು ಆದಿರಂಗನ ಊರನ್ನು ಪರಸ್ಥಳವೆಂದು ಎಣಿಸಬೇಕಾದ್ದಿಲ್ಲ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ತೆಗೆದುಕೊಂಡಾಗಲೂ ಅದರ ಮಾರ್ದನಿ ಕೇಳಿಸಿದ್ದು ನಮ್ಮ ಕಡೆಯೇ. ಅಲಮೇಲಮ್ಮ ಮಾಲಂಗಿಯ ಮಡುವಿಗೆ ಹಾರಿದಳೆಂಬ, ತಲಕಾಡು ಮರಳಾಗಲೆಂದು ಶಪಿಸಿದಳೆಂಬ ಕಥೆಯನ್ನು ಹೊಳೆಯ ಈಚೆಯ ಅಜ್ಜಿಯರು ಇಂದಿಗೂ ನಿನ್ನೆ ನಡೆದಂತೆ ಹೇಳುತ್ತಾರೆ.

ಈಗ ಕೋಟೆಯೊಳಗೆ ಬರೋಣ. ರಂಗನಾಥನ ಗುಡಿಯ ಮುಂದೆ ಬಸ್ಸಿಳಿದ ಜನ ಹೂವು, ತುಳಸಿ, ಬೊಂಬೆಗಳ ಅಂಗಡಿಗಳ ನಡುವೆ ಒಳಗೆ ಹೋಗಿ ಹೊರಗೆ ಬರುತ್ತಾರೆ. ಅಲ್ಲಿಗೆ ಸಮೀಪದಲ್ಲಿಯೇ ನರಸಿಂಹಸ್ವಾಮಿಯ ಗುಡಿಯೊಂದಿದೆ. ರಂಗನಾಥನಲ್ಲಿ ಸಾಲು ಎಷ್ಟು ಉದ್ದವೋ ಇಲ್ಲಿ ಅಷ್ಟೇ ನೀರವ. ಇದನ್ನು ಕಟ್ಟಿಸಿದವರು 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು. ಒಳಗೆ ದೇವರ ವಿಗ್ರಹಗಳ ಜೊತೆಗೆ ಅವರದೇ ಒಂದು ಕಪ್ಪುಕಲ್ಲಿನ ಪ್ರತಿಮೆಯೂ ಇದೆ. ಅರಸನು ಕೈಮುಗಿದು ನಿಂತಿದ್ದಾನೆ. ರಣಧೀರನೆಂದರೆ ಮಲ್ಲಯುದ್ಧದಲ್ಲಿ ಎದುರಿಲ್ಲದ ಕಟ್ಟುಮಸ್ತಾದ ಆಳೆಂದು ನಾವು ಕೇಳಿದ್ದೇವೆ. ನಾಟಕಗಳಲ್ಲಿ, ಚಲನಚಿತ್ರದಲ್ಲಿ ಕತ್ತಿ ಹಿರಿದು ಗರ್ಜಿಸುವುದನ್ನು ಕಂಡಿದ್ದೇವೆ. ಇಲ್ಲಿ ಅವನು ದೇವರ ಮುಂದೆ ಒಬ್ಬ ಒಕ್ಕಲಿನಂತೆ ನಿಂತಿದ್ದಾನೆ. ಕನ್ನಡ ನಾಡಿನ ಅರಸರಲ್ಲಿ ತಮ್ಮ ಕಾಲದ ಕಲ್ಲಿನಲ್ಲಿ ಹೀಗೆ ಮುಖ ಉಳಿಸಿಹೋದವರು ಬಹಳ ಮಂದಿಯಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಇಡೀ ಪಟ್ಟಣದಲ್ಲಿ ಒಂದೇ ವಸ್ತುವನ್ನು ನೋಡಲು ಸಮಯವಿದ್ದರೆ ಇದನ್ನೇ ನೋಡಿ ಎನ್ನುತ್ತೇನೆ.

ಈ ಅರಸನು ಪಟ್ಟಣದಲ್ಲಿ ಟಂಕಸಾಲೆಯನ್ನು ಏರ್ಪಡಿಸಿ ಹೊರಡಿಸಿದ ಕಂಠೀರಾಯಿ ಹಣ ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ. ಬಂಗಾರದ ಆ ಚೂರಿನ ಮೇಲೆ ನರಸಿಂಹನ ಮೂರ್ತಿ. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ವಿಚಿತ್ರವೆಂದರೆ ಆ ವರಹವೆಂಬುದು ಲೆಕ್ಕದ ಪುಸ್ತಕದಲ್ಲಿತ್ತೇ ಹೊರತು ನಾಣ್ಯವಾಗಿ ಕೈಯಲ್ಲಿರಲಿಲ್ಲ. ಹೈದರನ ಕಾಲ, ಟಿಪ್ಪುವಿನ ಕಾಲ ಕಳೆದು ಪೂರ್ಣಯ್ಯನವರ ಆಡಳಿತ ಬಂದಾಗಲೂ ಸರ್ಕಾರದ ಲೆಕ್ಕ ಕಂಠೀರಾಯಿ ವರಹದಲ್ಲಿಯೇ ನಡೆಯುತ್ತಿತ್ತು. ರಾಜನು ಹೋಗಿ ಒಂದೂವರೆ ಶತಮಾನವಾದ ಮೇಲೂ ಅವನ ಹೆಸರು ಶ್ಯಾನುಭೋಗರ ಕಡತದಲ್ಲಿ ಬದುಕಿತ್ತು.

ಇದೇ ಅರಸನ ಆಸ್ಥಾನದಲ್ಲಿ ಹುಟ್ಟಿದ್ದು ‘ಕಂಠೀರವ ನರಸರಾಜ ವಿಜಯ’. ಗೋವಿಂದ ವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾದ ಈ ಸಾಂಗತ್ಯ ಕಾವ್ಯ 1648ರದು. ಕಾವ್ಯದ ಹೆಸರು ಕೇಳಿದೊಡನೆ ಪಂಡಿತರ ಪುಸ್ತಕವೆಂದು ಹಿಂಜರಿಯಬೇಡಿ. ಸಾಂಗತ್ಯವು ಹಾಡಿಕೊಳ್ಳುವ ಮಟ್ಟು, ಮನೆಯ ಹೆಣ್ಣುಮಕ್ಕಳ ಬಾಯಲ್ಲಿ ನಲಿದ ಮಟ್ಟು. ಈ ಪುಸ್ತಕದಲ್ಲಿ ಅಂದಿನ ಶ್ರೀರಂಗಪಟ್ಟಣದ ಕೋಟೆಯಿದೆ, ಬೀದಿಗಳಿವೆ, ಎಲ್ಲಕ್ಕಿಂತ ಮಿಗಿಲಾಗಿ ಮಹಾನವಮಿಯಿದೆ. ಅರಸರ ಓಲಗ, ಜಟ್ಟಿಗಳ ಕಾಳಗ, ಬಾಣಬಿರುಸು, ಕವಿಗಳ ಗೋಷ್ಠಿ, ನೆರೆದ ಜನದ ಗದ್ದಲ ಎಲ್ಲವೂ ಇವೆ. ಇಂದು ಮೈಸೂರಿನ ದಸರೆಯೆಂದು ಲೋಕವೇ ಬಂದು ನೋಡುವ ಹಬ್ಬಕ್ಕೆ ರಾಜ ಒಡೆಯರು 1610ರಲ್ಲಿ ನಾಂದಿ ಹಾಕಿದ್ದು ಈ ನಡುಗಡ್ಡೆಯಲ್ಲಿ ಎಂಬುದನ್ನು ನೆನೆದರೆ, ಕೋಟೆಯೊಳಗಿನ ಖಾಲಿ ಬಯಲು ಅಷ್ಟು ಖಾಲಿಯಾಗಿ ಕಾಣುವುದಿಲ್ಲ.

ಚಿಕದೇವರಾಜ ಒಡೆಯರ ಕಾಲಕ್ಕೆ (1673–1704) ಬಂದರಂತೂ ಕನ್ನಡದ ಮೇಷ್ಟರು ಮಾತು ನಿಲ್ಲಿಸುವುದು ಕಷ್ಟ. ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ, ಇವರೆಲ್ಲ ಓಡಾಡಿದ್ದು ಇದೇ ಕೋಟೆಯ ಬೀದಿಗಳಲ್ಲಿ. ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದಾದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಈ ಆಸ್ಥಾನದ್ದು. ಶ್ರೀಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿದ್ದೆಂದು ಮೂಗು ಮುರಿಯುವವರಿದ್ದಾರೆ; ಮುರಿಯಲಿ, ಮೊದಲನೆಯದು ಮೊದಲನೆಯದೇ. ಅದಕ್ಕಿಂತ ನನ್ನ ಮನಸ್ಸನ್ನು ಹಿಡಿದವಳು ಸಂಚಿಯ ಹೊನ್ನಮ್ಮ. ಯಳಂದೂರಿನ ಹುಡುಗಿ. ಅರಮನೆಯಲ್ಲಿ ಅವಳ ಕೆಲಸ ರಾಣಿಯವರ ಎಲೆಯಡಿಕೆಯ ಸಂಚಿ ಹಿಡಿಯುವುದು. ಸಂಚಿ ಹಿಡಿದ ಕೈಯೇ ‘ಹದಿಬದೆಯ ಧರ್ಮ’ವನ್ನು ಬರೆಯಿತು. ಹೆಸರಿಗೆ ಪತಿವ್ರತೆಯರಿಗೆ ಬೋಧೆ. ಆದರೆ ಹೆಣ್ಣನ್ನು ಹೀಗಳೆಯುವ ಗಂಡಸರಿಗೆ, ನಿಮ್ಮನ್ನು ಹೆತ್ತವಳೂ ಹೆಣ್ಣಲ್ಲವೇ ಎಂದು ಅವಳು ಹಾಕುವ ಪ್ರಶ್ನೆಗೆ ಮುನ್ನೂರು ವರ್ಷ ಕಳೆದರೂ ನೇರ ಉತ್ತರ ಬಂದಿಲ್ಲ. ತರಗತಿಯಲ್ಲಿ ಹೊನ್ನಮ್ಮನ ಪದ್ಯಗಳನ್ನು ಪಾಠ ಮಾಡುವಾಗ, ಈಕೆ ಇದ್ದ ಊರು ಯಾವುದೆಂದು ಕೇಳುವುದುಂಟು. ಮೈಸೂರು ಎನ್ನುತ್ತಾರೆ, ಯಳಂದೂರು ಎನ್ನುತ್ತಾರೆ. ಶ್ರೀರಂಗಪಟ್ಟಣವೆಂಬ ಉತ್ತರ ಬರುವುದು ಬಲು ಅಪರೂಪ. ಆ ಹೆಸರು ಕಿವಿಗೆ ಬಿದ್ದೊಡನೆ ಮಕ್ಕಳಿಗೆ ಫಿರಂಗಿಯ ಸದ್ದು ಕೇಳಿಸುತ್ತದೆಯೇ ಹೊರತು ಪದ್ಯದ ದನಿ ಕೇಳಿಸುವುದಿಲ್ಲ. ಹೊನ್ನಮ್ಮನಿಗೆ ಪಟ್ಟಣದಲ್ಲಿ ಅರಮನೆಯೂ ಉಳಿದಿಲ್ಲ. ಪ್ರವಾಸಿಗೆ ತೋರಿಸಲು ಗುರುತಿಲ್ಲದವರನ್ನು ಊರು ಬೇಗ ಮರೆಯುತ್ತದೆ.

ಇನ್ನು ನೀರಿನ ಒಂದು ಚಮತ್ಕಾರ. ಸುತ್ತಲೂ ಹೊಳೆಯಿರುವ ನಡುಗಡ್ಡೆಗೆ ಕಾಲುವೆ ಏಕೆ ಎಂದು ಕೇಳಬೇಡಿ. ಹೊಳೆ ತಗ್ಗಿನಲ್ಲಿ, ಗದ್ದೆ ದಿಣ್ಣೆಯಲ್ಲಿ. ಹಾಗಾಗಿ ಮೇಲಿನ ಕಡೆ ಅಣೆಕಟ್ಟು ಕಟ್ಟಿ, ಕಾಲುವೆ ತೆಗೆದು, ಕಾವೇರಿಯದೇ ಒಂದು ಕವಲಿನ ಮೇಲೆ ಮೇಲ್ಗಾಲುವೆಯಿಂದ ಆ ನೀರನ್ನು ದಾಟಿಸಿ ನಡುಗಡ್ಡೆಗೆ ತಂದರು. ಇದೇ ಬಂಗಾರದೊಡ್ಡಿ ನಾಲೆ. ಕಂಠೀರವ ನರಸರಾಜರ ಕಾಲದ್ದೆಂದು ಪ್ರತೀತಿ. ಕಾವೇರಿಯ ಮೇಲೆ ಕಾವೇರಿ ಹರಿಯುವುದನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ಕನ್ನಂಬಾಡಿಯ ನಾಲೆಯ ನೀರನ್ನು ಕಾದು ಕುಳಿತುಕೊಳ್ಳುವ ನಮ್ಮ ರೈತರಿಗೆ ಇದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

1799ರ ಮೇ 4ರ ವಿಷಯ ನಿಮಗೆಲ್ಲ ತಿಳಿದದ್ದು. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಕೋಟೆ ಒಡೆದ ಕಡೆ ಮೈಸೂರು ಸರ್ಕಾರದವರು 1907ರಲ್ಲಿ ಒಂದು ಸ್ಮಾರಕಸ್ತಂಭವನ್ನು ನಿಲ್ಲಿಸಿದರು. ಅದರ ಬುಡದಲ್ಲಿ ನಿಂತು ಹೊಳೆಯ ಕಡೆ ನೋಡಿದರೆ ಎದುರು ದಂಡೆ ಎಷ್ಟು ಹತ್ತಿರವೆಂಬುದು ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಬಂಡೆಗಳೆಲ್ಲ ಮೇಲೆ ಕಾಣುತ್ತವೆ. ದಾಳಿಗೆ ಮೇ ತಿಂಗಳನ್ನು ಆರಿಸಿದ್ದೇಕೆಂದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿದು ಹೊಳೆ ಬಂದಿದ್ದರೆ ಹ್ಯಾರಿಸನ ಗತಿಯೂ ಕಾರ್ನ್‌ವಾಲಿಸನ ಗತಿಯೇ ಆಗುತ್ತಿತ್ತೇನೋ.

ಗೆದ್ದವರು ಗೆದ್ದ ಊರಿನಲ್ಲಿ ಹೇಗೆ ಬಾಳಿದರೆಂಬುದನ್ನು ನಾವು ಕೇಳುವುದೇ ಇಲ್ಲ. ಅವರಿಗೂ ಅದು ಸುಖದ ಊರಾಗಲಿಲ್ಲ. ಟಿಪ್ಪುವಿನ ಕಾಲದಲ್ಲಿ ನಡುಗಡ್ಡೆಯಲ್ಲಿ ಒಂದೂವರೆ ಲಕ್ಷ ಜನರಿದ್ದಿರಬೇಕೆಂದು 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ್ದಾನೆ. ಆ ವೇಳೆಗೆ ಉಳಿದಿದ್ದವರು ಸುಮಾರು 32 ಸಾವಿರ. ರಾಜಧಾನಿ ಮೈಸೂರಿಗೆ ಹೋಯಿತು. ದಂಡಿಗೆ ಚಳಿಜ್ವರ ಹಿಡಿಯಿತು. ಹತ್ತು ಹನ್ನೆರಡು ವರ್ಷಗಳಲ್ಲಿ ದಂಡಿನ ಮುಖ್ಯ ಠಾಣ್ಯವೂ ಬೆಂಗಳೂರಿಗೆ ಹೋಯಿತು. 1901ರ ಖಾನೇಷುಮಾರಿಯಲ್ಲಿ ಪಟ್ಟಣದ ಜನಸಂಖ್ಯೆ 8,584. ಅರಮನೆಯ ತೊಲೆ ಕಂಬಗಳಿಗೂ ಕಾಲು ಬಂತು. ಉದಕಮಂಡಲದಲ್ಲಿ 1830ರಲ್ಲಿ ಸಿದ್ಧವಾದ ಸೇಂಟ್ ಸ್ಟೀಫನ್ಸ್ ಇಗರ್ಜಿಯ ದೊಡ್ಡ ತೊಲೆ ಟಿಪ್ಪುವಿನ ಅರಮನೆಯದು. ಊಟಿಗೆ ಹೋದವರು ಅಲ್ಲಿ ತಲೆಯೆತ್ತಿ ನೋಡಿದರೆ ಶ್ರೀರಂಗಪಟ್ಟಣದ ಒಂದು ತುಂಡನ್ನು ಕಂಡಂತೆ.

ಆ ಹತ್ತು ವರ್ಷಗಳ ಗುರುತಾಗಿ ಕೋಟೆಯೊಳಗೆ ಒಂದು ಕಮಾನಿನ ಎರಡು ತುದಿಗಳಿವೆ. ಇದರ ಕಥೆ ಸ್ವಾರಸ್ಯವಾದದ್ದು. ಮದರಾಸಿನ ಇಂಜಿನಿಯರ್ ಪಡೆಯ ಕ್ಯಾಪ್ಟನ್ ಡಿ ಹ್ಯಾವಿಲೆಂಡ್ ಎಂಬಾತನಿಗೆ ಕಾವೇರಿಗೆ ಕಮಾನಿನ ಸೇತುವೆ ಕಟ್ಟಬೇಕೆಂಬ ಆಸೆ. ಒಂದೊಂದು ಕಮಾನೂ ನೂರಡಿಗೆ ಮೀರಿದ ಅಗಲ, ಎತ್ತರ ಮಾತ್ರ ಹನ್ನೊಂದಡಿಯ ಆಸುಪಾಸು. ಇಷ್ಟು ಚಪ್ಪಟೆಯಾದ ಇಟ್ಟಿಗೆಯ ಕಮಾನು ನಿಲ್ಲುವುದೇ ಇಲ್ಲವೆಂದು ಮೇಲಿನವರು ನಕ್ಕರು. ಆತ ವಾದ ಮಾಡಲಿಲ್ಲ. 1808ರಲ್ಲಿ ತನ್ನ ಮನೆಯ ಹತ್ತಿರವೇ ಅಂಥದೊಂದು ಕಮಾನನ್ನು ಕಟ್ಟಿ ನಿಲ್ಲಿಸಿದ. ಕೆಳಗೆ ಹೊಳೆಯಿಲ್ಲ, ಮೇಲೆ ರಸ್ತೆಯಿಲ್ಲ, ವಾದ ಗೆಲ್ಲುವುದಕ್ಕಾಗಿಯೇ ಕಟ್ಟಿದ ಕಮಾನು. ಅದರ ನಡುವೆ ನಿಂತು ಕುಪ್ಪಳಿಸಿದರೆ ಉಯ್ಯಾಲೆಯಂತೆ ಅಲುಗುತ್ತಿತ್ತಂತೆ, ಆದರೂ ಬೀಳಲಿಲ್ಲ. ಸೇತುವೆ ಮಾತ್ರ ಆಗಲಿಲ್ಲ. ಮರುವರ್ಷವೇ, ಎಂದರೆ 1809ರಲ್ಲಿ, ಮದರಾಸಿನ ಸರ್ಕಾರದ ಮೇಲೆ ಕಂಪನಿಯ ಬಿಳಿಯ ಅಧಿಕಾರಿಗಳೇ ತಿರುಗಿಬಿದ್ದು ಈ ಕೋಟೆಯನ್ನು ಹಿಡಿದು ಕುಳಿತರು. 1857ರ ದಂಗೆಯನ್ನು ಬಲ್ಲ ನಮಗೆ ಈ ಬಿಳಿಯರ ದಂಗೆ ಗೊತ್ತೇ ಇಲ್ಲ! ಅದರಲ್ಲಿ ಸಿಕ್ಕಿಬಿದ್ದ ಡಿ ಹ್ಯಾವಿಲೆಂಡ್ ಕೆಲಸ ಕಳೆದುಕೊಂಡ. ಕೆಲವು ವರ್ಷಗಳ ಮೇಲೆ ಮತ್ತೆ ಸೇರಿ ಮದರಾಸಿನಲ್ಲಿ ಸೇಂಟ್ ಆಂಡ್ರೂಸ್ ಇಗರ್ಜಿಯನ್ನು ಕಟ್ಟಿ 1821ರಲ್ಲಿ ಮುಗಿಸಿದ. ಅದರ ಇಟ್ಟಿಗೆಯ ದೊಡ್ಡ ಗುಮ್ಮಟ ಇಂದಿಗೂ ನಿಂತಿದೆ. ಶ್ರೀರಂಗಪಟ್ಟಣದ ಕಮಾನು ಸುಮಾರು 130 ವರ್ಷ ನಿಂತು 1937ರಲ್ಲಿ ಕುಸಿಯಿತು.

ಆತ ಕಟ್ಟಲಾಗದ ಸೇತುವೆಯನ್ನು ಅದಕ್ಕೂ ನಾಲ್ಕು ವರ್ಷ ಮೊದಲೇ, 1804ರಲ್ಲಿ, ನಮ್ಮ ಪೂರ್ಣಯ್ಯನವರು ತಮ್ಮದೇ ರೀತಿಯಲ್ಲಿ ಕಟ್ಟಿಸಿದ್ದರು. ಕಮಾನಿನ ಗೊಡವೆಯೇ ಇಲ್ಲ. ಗುಡಿಯ ಮಂಟಪ ಕಟ್ಟುವಂತೆ ಕಲ್ಲುಕಂಬ ನೆಟ್ಟು, ಅದರ ಮೇಲೆ ಬೋದಿಗೆ ಇಟ್ಟು, ತೊಲೆಗಲ್ಲು ಹೊದಿಸಿದರು. ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರಿಟ್ಟು, ದೇಶೀಯ ಶಿಲ್ಪಿಗಳ ವಿದ್ಯೆಯಿಂದ ಕೆಲಸ ಮುಗಿಸಿದರು. ಹೆಸರು ಅವರದು, ಸೇತುವೆ ನಮ್ಮದು. ಇದೇ ಜಾತಿಯ ಕಲ್ಲುಸೇತುವೆಗಳು ನಮ್ಮ ಶಿವನಸಮುದ್ರದಲ್ಲಿಯೂ ಇವೆ. 19ನೆಯ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದವು. ಒಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್ನನ ಹೆಸರು, ಇನ್ನೊಂದನ್ನು ಜನ ವೆಸ್ಲಿ ಸೇತುವೆ ಎನ್ನುತ್ತಾರೆ. ಈ ವೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಹೋದ ಮೇಲೆ ನೋಡಲು ಬಂದ ಜನ, ಇದ್ದಾಗ ಬಂದವರಿಗಿಂತ ಹೆಚ್ಚು.

ಗಂಜಾಮಿನ ಕಡೆ ಹೋಗುವಾಗ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಚಿತ್ರವನ್ನು ನೋಡಿಕೊಂಡೇ ಹೋಗಿ. 1780ರ ಪೊಳ್ಳಿಲೂರು ಯುದ್ಧ ಅದು. ಸೋತ ಕರ್ನಲ್ ಬೇಯ್ಲಿ ಮೇಣೆಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಸೆರೆಸಿಕ್ಕ ಆತ 1782ರಲ್ಲಿ ಈ ಊರಿನಲ್ಲೇ ಸತ್ತ. ಗುಂಬಜ್ಜಿನ ಪಕ್ಕದಲ್ಲಿ ಅವನ ಸೋದರಳಿಯನು 1816ರಲ್ಲಿ ಕಟ್ಟಿಸಿದ ಸ್ಮಾರಕವಿದೆ. ಹೈದರ್, ಟಿಪ್ಪು ಮಲಗಿರುವ ತಾಣಕ್ಕೆ ಹತ್ತು ಮಾರು ದೂರದಲ್ಲಿ ಅವರ ಸೆರೆಯಾಳಿನ ನೆನಪು! ಗುಂಬಜ್ಜಿಗೆ ಹೋದ ನೂರು ಮಂದಿಯಲ್ಲಿ ಒಬ್ಬರು ಆ ಕಡೆ ತಿರುಗುತ್ತಾರೋ ಇಲ್ಲವೋ. ಚಿತ್ರವನ್ನು ನೋಡಿ ಒಂದು ಗಂಟೆಯ ಒಳಗೆ ಈ ಕಲ್ಲಿನ ಮುಂದೆ ನಿಂತರೆ, ನಗಿಸುವಂತೆ ಬರೆದ ಆ ಬೆರಳು ಕಚ್ಚುವ ಮುಖ ಬೇರೆಯಾಗಿ ನೆನಪಾಗುತ್ತದೆ.

ಗಂಜಾಂ ಟಿಪ್ಪುವು ಬೆಳೆಸಿದ ಪೇಟೆ. ಸಿರಾದಿಂದ ಒಕ್ಕಲುಗಳನ್ನು ಎಬ್ಬಿಸಿ ತಂದು ಇಲ್ಲಿ ನೆಲೆಗೊಳಿಸಿದ. ಬಂದವರು ಸಂತೋಷದಿಂದ ಬಂದರೋ ಎಂದು ಚರಿತ್ರೆಕಾರರು ಬರೆಯುವುದಿಲ್ಲ. ಗಂಜಾಮಿನ ಅಂಜೂರ ಮಾತ್ರ ಊರಿಗೆ ಒಳ್ಳೆಯ ಹೆಸರು ತಂದಿತು. ಈ ಪೇಟೆಯಲ್ಲಿ ಒಂದು ಹಳೆಯ ಇಗರ್ಜಿಯಿದೆ. 1800ರ ಸುಮಾರಿನಲ್ಲಿ ಅದನ್ನು ಕಟ್ಟಿಸಿದವನು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ. ಪಟ್ಟಣ ಬಿದ್ದ ಮೇಲೆ ಇಲ್ಲಿನ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಈತ ದೇಶೀಯರ ಉಡುಪು ತೊಟ್ಟು, ದೇಶೀಯರ ಊಟ ಉಂಡು, ಅವರ ಮಾತನ್ನಾಡಿ ಬಾಳಿದ; ಜನ ಅವನನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಮೈಲಿ ಬೇನೆಗೆ ಹಸುವಿನ ಸಿಡುಬಿನಿಂದ ಮಾಡಿದ ಲಸಿಕೆಯನ್ನು ಜೆನ್ನರ್ ಪ್ರಕಟಿಸಿದ್ದು 1798ರಲ್ಲಿ. ಐದಾರು ವರ್ಷಗಳೊಳಗೆ, 1803–04ರಲ್ಲಿ, ಈ ಪಾದ್ರಿ ಮೈಸೂರು ಸೀಮೆಯಲ್ಲಿ 25,432 ಜನರಿಗೆ ಅದನ್ನು ಹಾಕಿಸಿದನೆಂದು ಲೆಕ್ಕವಿದೆ. ಊರೂರಿಗೆ ಕಾಲುನಡಿಗೆ, ಎತ್ತಿನ ಗಾಡಿ; ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ; ಒಬ್ಬರ ತೋಳಿನ ಕೀವಿನಿಂದ ಇನ್ನೊಬ್ಬರ ತೋಳಿಗೆ ಲಸಿಕೆ ದಾಟಬೇಕು. ಮಾರಮ್ಮನ ಮುನಿಸೆಂದು ಹೆದರಿದ ಜನರನ್ನು ಒಪ್ಪಿಸಬೇಕು. ಯೋಚಿಸಿ ನೋಡಿ.

ನಮ್ಮ ನಡೆನುಡಿ ಆಚಾರಗಳನ್ನು ಕುರಿತು ಇವನ ಹೆಸರಿನಲ್ಲಿ ಒಂದು ಪುಸ್ತಕವಿದೆ. ಕಂಪನಿಯವರು ಹಸ್ತಪ್ರತಿಯನ್ನು ಕೊಂಡು 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದರು. ನೂರು ವರ್ಷ ಯುರೋಪಿನವರು ಅದನ್ನೇ ಪ್ರಮಾಣವೆಂದು ಓದಿದರು. ಅದರ ಬಹುಭಾಗ ಕೂರ್ದೂ ಎಂಬ ಇನ್ನೊಬ್ಬ ಹಿರಿಯ ಪಾದ್ರಿಯ ಬರಹದಿಂದ ಬಂದದ್ದೆಂದು 20ನೆಯ ಶತಮಾನದಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಪುಸ್ತಕದ ಕೀರ್ತಿಯಲ್ಲಿ ಪಾಲು ಕಡಿಮೆಯಾಯಿತು. ಲಸಿಕೆಯ ಕೀರ್ತಿಯನ್ನು ಯಾರೂ ಕಡಿಮೆ ಮಾಡಲಾರರು. 1823ರಲ್ಲಿ ತಾಯ್ನಾಡಿಗೆ ಹಿಂದಿರುಗಿ 1848ರಲ್ಲಿ ತೀರಿಕೊಂಡ.

ಹೊಳೆಯ ದಡದಲ್ಲಿ, ಹೆದ್ದಾರಿಗೆ ದೂರವಲ್ಲದೆ, ದಂಡಿನ ಗೋರಿಗಳ ತೋಟವಿದೆ. ಸುಮಾರು 300 ಸಮಾಧಿಗಳು. ಹೆಚ್ಚಿನವು ಇಂಗ್ಲಿಷರವೆಂದು ತಿಳಿದು ಹೋದವರಿಗೆ ಆಶ್ಚರ್ಯ ಕಾದಿರುತ್ತದೆ: ಇಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಪಡೆಯವರೂ ಮಲಗಿದ್ದಾರೆ. ಮೊದಲು ಸಿಂಹಳದಲ್ಲಿ ಡಚ್ಚರ ಸಂಬಳಕ್ಕಿದ್ದು, 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಬದಲಾದ ಕೂಲಿ ಪಡೆ ಅದು. ಹಿಮದ ನಾಡಿನಲ್ಲಿ ಹುಟ್ಟಿ, ಯಾರದೋ ಯುದ್ಧಕ್ಕೆ ಬಂದು, ಕಾವೇರಿಯ ಚಳಿಜ್ವರಕ್ಕೆ ಸತ್ತವರು ಇವರಲ್ಲಿ ಎಷ್ಟು ಮಂದಿಯೋ. ಹಾಳುಬಿದ್ದಿದ್ದ ಈ ಸ್ಥಳವನ್ನು ಇತ್ತೀಚೆಗೆ, ಈ ಶತಮಾನದಲ್ಲಿ, ಅದೇ ಡಿ ಮ್ಯೂರಾನ್ ವಂಶದವರು ಬಂದು ದುರಸ್ತಿ ಮಾಡಿಸಿದರು. ಇನ್ನೂರು ವರ್ಷ ಕಳೆದ ಮೇಲೂ ಅಜ್ಜಂದಿರ ಗೋರಿಯನ್ನು ಹುಡುಕಿಕೊಂಡು ಅಷ್ಟು ದೂರದಿಂದ ಬಂದರು!

ಅಲ್ಲಿ ಒಂದು ಸಮಾಧಿಗೂ ಹೊಳೆಯ ದಂಡೆಯ ಸ್ಕಾಟನ ಬಂಗಲೆಗೂ ನಂಟಿದೆ. ಕರ್ನಲ್ ಸ್ಕಾಟ್ ಫಿರಂಗಿಯ ಗಾಡಿ ಮಾಡುವ ಕಾರ್ಖಾನೆಯ ಮೇಲಧಿಕಾರಿಯಾಗಿದ್ದವನು. ಒಂದು ದಿನ ಮನೆಗೆ ಬಂದು ನೋಡಿದರೆ ಹೆಂಡತಿ ಮಕ್ಕಳು ವಾಂತಿಭೇದಿಯಿಂದ ಸತ್ತಿದ್ದರಂತೆ. ಆತ ಅಲ್ಲಿಂದ ಕಾಣೆಯಾದನಂತೆ. ಮನೆಯನ್ನು ಇದ್ದಂತೆಯೇ ಇಡಬೇಕೆಂದು ಮಹಾರಾಜರು ಅಪ್ಪಣೆ ಮಾಡಿದರಂತೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಯೆಲ್ಡ್‌ಹ್ಯಾಮ್ ಎಂಬ ಸೈನ್ಯಾಧಿಕಾರಿ ಈ ಪಾಳುಬಂಗಲೆಯ ಮೇಲೆ ಕವಿತೆಯನ್ನೂ ಕಟ್ಟಿದ. ಗೋರಿಗಳ ತೋಟದಲ್ಲಿ ಕ್ಯಾರೊಲಿನ್ ಸ್ಕಾಟ್ ಎಂಬಾಕೆಯ ಕಲ್ಲು ಬೇರೆ ಮಾತು ಹೇಳುತ್ತದೆ: 1817ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಕಥೆ ಕೇಳಲು ಚೆನ್ನ. ಆದರೆ ಆ ಕಾಲದ ಹೆಣ್ಣಿನ ಬಾಳನ್ನು ಕಲ್ಲೇ ಹೆಚ್ಚು ನಿಜವಾಗಿ ಹೇಳುತ್ತದೆ, ಅವಳು ಬಿಳಿಯವಳಾಗಲಿ ಕರಿಯವಳಾಗಲಿ.

ಇಂಗ್ಲೆಂಡಿನಲ್ಲಿ ಯಾರ್ಕ್ ಎಂಬ ಪುರಾತನ ಪಟ್ಟಣವಿದೆ. ರೋಮನರ ಕಾಲದಿಂದ ಬಂದದ್ದು, ಸುತ್ತಲೂ ಕಲ್ಲಿನ ಕೋಟೆ. ನಮ್ಮ ಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಅಲ್ಲಿನ ಪುರಸಭೆಯವರು ಈ ಹಳೆಯ ಗೋಡೆ ದಂಡವೆಂದು ಕೆಡವಲು ಹೊರಟರು. ಪಟ್ಟಣಿಗರಲ್ಲೇ ಕೆಲವರು ಅಡ್ಡ ನಿಂತರು. ವಿಲಿಯಂ ಎಟ್ಟಿ ಎಂಬ ಚಿತ್ರಕಾರ ಆಮೇಲೆ ಬರೆದು, ಬೇಡಿ, ಜಗಳವಾಡಿ ಉಳಿಸಲು ಹೆಣಗಿದ. ಒಂದಷ್ಟು ಹೋಯಿತು, ಹೆಚ್ಚಿನದು ಉಳಿಯಿತು. ರೈಲು ಬಂದಾಗ ಅಲ್ಲಿಯೂ ಗೋಡೆಯಲ್ಲಿ ಕಮಾನು ಕೊರೆದು ಕಂಬಿ ಹಾಕಿದರು. ಇಂದು ಯಾರ್ಕಿಗೆ ಹೋದವರು ಆ ಗೋಡೆಯ ಮೇಲೆ ಎರಡು ಮೈಲಿ ನಡೆದುಕೊಂಡೇ ಊರನ್ನು ನೋಡುತ್ತಾರೆ. ನಮ್ಮ ಕೋಟೆಯನ್ನೂ ರೈಲು 1882ರ ಹೊತ್ತಿಗೆ ಸೀಳಿಕೊಂಡು ಮೈಸೂರಿಗೆ ಹೋಯಿತು. ಜೋಡಿ ಕಂಬಿ ಹಾಕಬೇಕಾದಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಕೆಡವಿದ್ದರೆ ಒಂದು ದಿನದ ಕೆಲಸ. ಕೆಡವಲಿಲ್ಲ. ಸುಮಾರು 1000 ಟನ್ ತೂಕದ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಬುಡ ಬಿಡಿಸಿ, ಉಕ್ಕಿನ ತೊಲೆಗಳ ಮೇಲೆ ಎತ್ತಿ, 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಹಾಗೆಯೇ ಸಾಗಿಸಿ ಹೊಸ ಜಾಗದಲ್ಲಿ ಕೂಡಿಸಿದರು. ಇಡೀ ಮನೆ ಇಂಚಿಂಚಾಗಿ ನಡೆಯಿತು! ದ್ವೀಪದ ಬೇರೆ ಬೇರೆ ಕಡೆ ಇಂಥ ಮದ್ದಿನ ಮನೆಗಳು ಇನ್ನೂ ಕೆಲವಿವೆ. ಅರ್ಧ ನೆಲದೊಳಗೆ ಹುದುಗಿರುವುದರಿಂದ ಹಾದುಹೋಗುವವರು ಹಾಳುಗೋಡೆಯೆಂದೇ ಭಾವಿಸುತ್ತಾರೆ.

ಮುಂದಿನ ಸಲ ಪಟ್ಟಣಕ್ಕೆ ಹೋಗುವುದಾದರೆ ಮುಂಜಾನೆಯೇ ಹೊರಡಿ. ಗುಡಿಯ ಬಾಗಿಲು ಮುಚ್ಚುವುದಕ್ಕೆ ಮೊದಲು ನರಸಿಂಹಸ್ವಾಮಿಯಲ್ಲಿಗೆ ಹೋಗಿ, ದೀಪವನ್ನು ಒಂದು ಕ್ಷಣ ಅರಸರ ಮುಖದ ಕಡೆಗೂ ಹಿಡಿಯಿರೆಂದು ಅರ್ಚಕರನ್ನು ಕೇಳಿಕೊಳ್ಳಿ. ಬಿಸಿಲೇರುವ ಮುನ್ನ ಗಂಜಾಂ, ಊಟದ ಮೇಲೆ ಗೋರಿಗಳ ತೋಟದ ಮರದ ನೆರಳು. ಸಂಜೆ ಹಿಂದಿರುಗುವಾಗ ಕೋಟೆಯೊಳಗೆ ಡಿ ಹ್ಯಾವಿಲೆಂಡನ ಕಮಾನಿನ ಜಾಗವನ್ನು ಕೇಳಿ ಹುಡುಕಿ. ಜೊತೆಗೆ ಮಕ್ಕಳಿದ್ದರೆ ಉಳಿದಿರುವ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೆಜ್ಜೆ ಹಾಕಿ ಎಣಿಸಲು ಹೇಳಿ. ಕಂಬವಿಲ್ಲದೆ ಅಷ್ಟು ದೂರ ಇಟ್ಟಿಗೆಗಳು ಗಾಳಿಯಲ್ಲಿ ಒಂದನ್ನೊಂದು ಹಿಡಿದುಕೊಂಡು ನಿಂತಿದ್ದವೆಂಬುದನ್ನು ಅವರೇ ಅಳೆದು ತಿಳಿಯಲಿ.